ಕ್ರಿಸ್‌ಮಸ್ ಖಾತೆಯ ಜಮಾ-ಖರ್ಚು

ಡಿಸೆಂಬರ್ ಬಂತೆಂದರೆ ನಮ್ಮ ಮುಂಬಯಿಯ ಮಾಲ್‌ಗಳೊಳಗೆ ಹತ್ತಿಯ ಹಿಮ ಬೀಳುತ್ತದೆ. ಹೊರಗೆ ಅಂಗಿ ಬೆನ್ನಿಗೆ ಅಂಟುವ ಸೆಕೆ, ಒಳಗೆ ಥರ್ಮೋಕೋಲಿನ ಹಿಮಸಾರಂಗ. ಕೆಂಪು ಕೋಟು, ಬಿಳಿ ಗಡ್ಡ ಅಂಟಿಸಿಕೊಂಡ ಯಾವನೋ ಬಡಹುಡುಗ ದಿನಗೂಲಿಗೆ ಗಂಟೆ ಬಾರಿಸುತ್ತಾ ನಿಂತಿರುತ್ತಾನೆ. ಇದನ್ನೆಲ್ಲ ಕಂಡು ಮೂಗು ಮುರಿಯುವ ವಯಸ್ಸೇ ನನ್ನದು. ಆದರೆ ಮೂಗು ಮುರಿಯಲಿಕ್ಕೆ ಒಂದು ಲೇಖನ ಬೇಕಾಗಿಲ್ಲ. ಇದನ್ನು ಬರೆಯುವುದಕ್ಕೆ ಕಾರಣವಾದದ್ದು ನನ್ನ ಮಗಳ ಒಂದು ಮಾತು.

ಎರಡು ವರ್ಷದ ಹಿಂದೆ ಒಂದು ಸಂಜೆ ಆಫೀಸಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಗೊಣಗಿದಳು. ಅವಳ ಆಫೀಸಿನಲ್ಲಿ ‘ಸೀಕ್ರೆಟ್ ಸಾಂತಾ’ ಅಂತ ಒಂದು ಪದ್ಧತಿ. ಚೀಟಿ ಎತ್ತಬೇಕು, ಯಾರ ಹೆಸರು ಬರುತ್ತದೋ ಅವರಿಗೆ ಗುಟ್ಟಾಗಿ ಉಡುಗೊರೆ ಕೊಡಬೇಕು, ಐನೂರು ರೂಪಾಯಿಯ ಮಿತಿ. ಇವಳಿಗೆ ಬಂದದ್ದು ಬೇರೆ ಮಹಡಿಯಲ್ಲಿ ಕೂರುವ, ಸರಿಯಾಗಿ ಮುಖವನ್ನೂ ನೋಡಿರದ ಯಾರದೋ ಹೆಸರು. “ಏನು ಕೊಡೋದು ಅಪ್ಪಾ? ಮಗ್ಗು, ಇಲ್ಲ ಮೇಣದ ಬತ್ತಿ. ಅವರ ಹತ್ರ ಆಗಲೇ ಹತ್ತು ಮಗ್ಗು ಇರ್ತದೆ.”

“ಹಾಗಾದ್ರೆ ಕೊಡಬೇಡ, ಬಿಡು” ಎಂದೆ.

“ಕಂಪಲ್ಸರಿ ಏನಲ್ಲಪ್ಪ. ಆದ್ರೆ ಎಲ್ಲರೂ ಕೊಡ್ತಾರಲ್ಲ.”

ಆ ಮಾತನ್ನು ನಾನು ಎಲ್ಲೋ ಕೇಳಿದ್ದೆ. ಎಲ್ಲಿ ಅನ್ನುವುದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು: ನಿವೃತ್ತನಿಗೆ ಹೊತ್ತಿಗೇನು ಬರ? ಈ ಕ್ರಿಸ್‌ಮಸ್ ಉಡುಗೊರೆ ಎಂಬುದು ಯಾವಾಗ ಹೀಗಾಯಿತು, ಯಾರು ಯಾರಿಗೆ ಕೊಡುತ್ತಿದ್ದರು ಅಂತ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಕಾಮರ್ಸ್ ಓದಿ, ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕೂಡಿ ಕಳೆದವನು ನಾನು. ಆದ್ದರಿಂದ ದೇವರ ವಿಚಾರವನ್ನು ತಿಳಿದವರಿಗೆ ಬಿಟ್ಟು ದುಡ್ಡಿನ ಜಾಡನ್ನೇ ಹಿಡಿದೆ. ಜಾಡು ನ್ಯೂಯಾರ್ಕಿಗೆ ಕರೆದುಕೊಂಡು ಹೋಯಿತು.

ನಮಗೆ ಈಗ ಅಮೆರಿಕವೇ ಕ್ರಿಸ್‌ಮಸ್ಸಿನ ತವರುಮನೆ ಅನ್ನಿಸುತ್ತದೆ. ಆದರೆ ಅಲ್ಲಿನ ಮ್ಯಾಸಚೂಸೆಟ್ಸ್ ಬೇ ವಸಾಹತಿನಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ 5 ಶಿಲಿಂಗ್ ದಂಡ ಎಂದು 1659ರಲ್ಲಿ ಕಾನೂನು ಮಾಡಿದ್ದರು. 1681ರವರೆಗೂ ಅದು ಜಾರಿಯಲ್ಲಿತ್ತು. ಇಂಗ್ಲೆಂಡಿನ ಪಾರ್ಲಿಮೆಂಟೂ 1647ರಲ್ಲಿ ಹಬ್ಬವನ್ನು ರದ್ದುಪಡಿಸಿತ್ತು. ಪ್ಯೂರಿಟನ್ನರೆಂಬ ಕಟ್ಟಾ ಕ್ರೈಸ್ತರ ವಾದ ಸರಳ. ಯೇಸು ಹುಟ್ಟಿದ ತಾರೀಖು ಬೈಬಲಿನಲ್ಲೇ ಇಲ್ಲ, ಹಬ್ಬದ ಹೆಸರಿನಲ್ಲಿ ನಡೆಯುವುದೆಲ್ಲ ಕುಡಿತ, ಜೂಜು, ಗಲಾಟೆ. ದೂರಿನಲ್ಲಿ ಹುರುಳಿತ್ತು. ಹಳೆಯ ಕ್ರಿಸ್‌ಮಸ್ ಮನೆಯೊಳಗಿನದಲ್ಲ, ಬೀದಿಯ ಹಬ್ಬ. ಸುಗ್ಗಿ ಮುಗಿದು ಕೈಗೆ ಕೆಲಸ ಕಡಿಮೆಯಾದ ಚಳಿಗಾಲ. ಹೊಸ ಮಾಂಸ, ಹೊಸ ಬಿಯರು ಸಿದ್ಧವಿರುವ ಸಮಯ. ಆಳುಗಳು, ಕೂಲಿಯವರು ಗುಂಪು ಕಟ್ಟಿಕೊಂಡು ಧಣಿಗಳ ಬಾಗಿಲಿಗೆ ಹೋಗಿ, ಹಾಡಿ, ತಿನ್ನಲು ಕುಡಿಯಲು ಕೇಳುತ್ತಿದ್ದರು. ಕೊಡದಿದ್ದರೆ ಬೈಗುಳ. ನಮ್ಮ ಮುಂಬಯಿಯಲ್ಲಿ ದೀಪಾವಳಿಗೆ ವಾಚ್‌ಮನ್, ಪೋಸ್ಟ್‌ಮನ್‌ಗಳಿಗೆ ಕೊಡುವ ‘ಪೋಸ್ತ್’ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಗಮನಿಸಬೇಕಾದದ್ದು ಇಷ್ಟೆ: ಆಗ ಕೊಡುಗೆ ಮೇಲಿನಿಂದ ಕೆಳಗೆ ಹರಿಯುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಆರಂಭದ ನ್ಯೂಯಾರ್ಕಿನಲ್ಲಿ ಜನ ಹೆಚ್ಚಿದರು, ಬೀದಿ ಹುಡುಗರು ಹೆಚ್ಚಿದರು, ಶ್ರೀಮಂತರಿಗೆ ಬಾಗಿಲು ತೆರೆಯಲು ಭಯವಾಯಿತು. ಹಬ್ಬವನ್ನು ಬೀದಿಯಿಂದ ಎತ್ತಿ ಮನೆಯೊಳಗೆ ಕೂರಿಸುವ ಕೆಲಸ ಶುರುವಾದದ್ದು ಆಗ. ಜಾನ್ ಪಿಂಟಾರ್ಡ್ ಎಂಬ ವರ್ತಕರು, ವಾಷಿಂಗ್ಟನ್ ಇರ್ವಿಂಗ್ ಎಂಬ ಲೇಖಕರು ಡಚ್ಚರ ಸಂತ ನಿಕೊಲಾಸನನ್ನು ಹುಡುಕಿ ಮುಂದೆ ತಂದರು. 1823ರ ಡಿಸೆಂಬರ್ 23ರಂದು ಟ್ರಾಯ್ ಎಂಬ ಊರಿನ ಪತ್ರಿಕೆಯಲ್ಲಿ ಹೆಸರಿಲ್ಲದೆ ಒಂದು ಪದ್ಯ ಅಚ್ಚಾಯಿತು. ಕ್ಲೆಮೆಂಟ್ ಮೂರ್ ಎಂಬ ಜಮೀನುದಾರ ಪ್ರೊಫೆಸರರದು ಅಂತ ಆಮೇಲೆ ಹೇಳಿದರು. ಎಂಟು ಹಿಮಸಾರಂಗ, ಹೊಗೆಗೂಡಿನಿಂದ ಇಳಿಯುವ ತಾತ, ಕಾಲುಚೀಲದೊಳಗೆ ಆಟದ ಸಾಮಾನು, ಎಲ್ಲ ಅದರಲ್ಲೇ ಇದೆ. ಈಗ ಪಡೆಯುವವರು ಬೀದಿಯ ಬಡವರಲ್ಲ, ಸ್ವಂತ ಮಕ್ಕಳು. ಹರಿವು ಇನ್ನೂ ಕೆಳಮುಖವಾಗಿಯೇ ಇದೆ, ಆದರೆ ಮನೆಯ ಗೋಡೆ ದಾಟುವುದಿಲ್ಲ.

ಇಪ್ಪತ್ತು ವರ್ಷದ ನಂತರ ಲಂಡನ್ನಿನಲ್ಲಿ ಒಂದೇ ತಿಂಗಳಲ್ಲಿ ಎರಡು ಸಂಗತಿ ನಡೆದವು. 1843ರ ಡಿಸೆಂಬರಿನಲ್ಲಿ ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿ, ಹಬ್ಬದ ಪತ್ರಗಳಿಗೆಲ್ಲ ಉತ್ತರ ಬರೆಯುವಷ್ಟು ಪುರುಸೊತ್ತಿಲ್ಲದೆ, ಚಿತ್ರಕಾರನೊಬ್ಬನಿಂದ ಒಂದು ಕಾರ್ಡು ಬರೆಸಿ ಅಚ್ಚು ಹಾಕಿಸಿದ. ಮಿಕ್ಕದ್ದನ್ನು ಒಂದೊಂದು ಶಿಲಿಂಗಿಗೆ ಮಾರಿದರು. ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದೇ ಹೀಗೆ, ಕಾಗದ ಬರೆಯುವ ಶ್ರಮ ಉಳಿಸಲಿಕ್ಕೆ! ಅದೇ ತಿಂಗಳ 19ರಂದು ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರೊಲ್’ ಹೊರಬಂತು. ಹಬ್ಬದ ಹೊತ್ತಿಗೆ ಮೊದಲ 6,000 ಪ್ರತಿ ಖಾಲಿ. ಸ್ಕ್ರೂಜ್ ಎಂಬ ಜಿಪುಣನ ಕಥೆ ಅಂತ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಗುಮಾಸ್ತನಾಗಿ ಸರ್ವಿಸ್ ಶುರುಮಾಡಿದ ನನಗೆ ಅದು ಬಾಬ್ ಕ್ರ್ಯಾಚಿಟ್ ಎಂಬ ಗುಮಾಸ್ತನ ಕಥೆ. ಕೊನೆಗೆ ಧಣಿ ಗುಮಾಸ್ತನ ಮನೆಗೆ ದೊಡ್ಡ ಟರ್ಕಿ ಕೋಳಿ ಕಳಿಸುತ್ತಾನೆ, ಸಂಬಳ ಹೆಚ್ಚಿಸುತ್ತಾನೆ. ಅಲ್ಲಿಯೂ ಮೇಲಿನಿಂದ ಕೆಳಗೆ.

ಮುಂದಿನದು ಅಂಗಡಿಯವರ ಕಾಲ. ಅದನ್ನು ಬೇಗ ದಾಟುತ್ತೇನೆ, ಯಾಕೆಂದರೆ ಈ ಭಾಗ ಎಲ್ಲರೂ ಬರೆಯುವಂಥದ್ದೇ. ನ್ಯೂಯಾರ್ಕಿನ ಮೇಸೀಸ್ ಅಂಗಡಿ 1867ರಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಹನ್ನೆರಡರವರೆಗೆ ಬಾಗಿಲು ತೆರೆದಿಟ್ಟಿತು. 1874ರಲ್ಲಿ ಗಾಜಿನ ಕಿಟಕಿಯಲ್ಲಿ ಗೊಂಬೆಗಳನ್ನು ಜೋಡಿಸಿ ಜನರನ್ನು ನಿಲ್ಲಿಸಿತು. ಸರ್ಕಾರ 1870ರಲ್ಲಿ ರಜೆ ಘೋಷಿಸಿತು. ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ 1863ರಿಂದ ಸಾಂತಾನ ಚಿತ್ರ ಬರೆಯುತ್ತಾ ಬರೆಯುತ್ತಾ ಅವನಿಗೆ ಹೊಟ್ಟೆ, ಗಡ್ಡ ಎಲ್ಲ ಕೊಟ್ಟ. ಕೋಕಾ ಕೋಲಾ ಕಂಪನಿಯೇ ಸಾಂತಾನಿಗೆ ಕೆಂಪು ಬಟ್ಟೆ ಹಾಕಿಸಿದ್ದು ಅಂತ ನಮ್ಮ ಪತ್ರಿಕೆಗಳಲ್ಲಿ ಪ್ರತಿ ವರ್ಷ ಬರುತ್ತದೆ. ಅದು ಸರಿಯಲ್ಲ; ಕಂಪನಿಯ ಪ್ರಸಿದ್ಧ ಜಾಹೀರಾತು ಚಿತ್ರಗಳು ಶುರುವಾದದ್ದು 1931ರಲ್ಲಿ, ಅಷ್ಟರಲ್ಲಾಗಲೇ ಸಾಂತಾ ಕೆಂಪು ಕೋಟಿನಲ್ಲಿ ಓಡಾಡುತ್ತಿದ್ದ. ಮಾಡದ ತಪ್ಪಿಗೆ ಯಾಕೆ ಬೈಯಬೇಕು, ಮಾಡಿದ್ದೇ ಬೇಕಾದಷ್ಟಿದೆ. ಇನ್ನು ವ್ಯಾಪಾರದ ಹಿಡಿತ ಎಷ್ಟಿತ್ತೆಂದರೆ, 1939ರಲ್ಲಿ ಅಂಗಡಿ ಮಾಲೀಕರ ಕೋರಿಕೆಯ ಮೇಲೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ ತಂದರು. ಆ ಹಬ್ಬ ಕಳೆದ ಮೇಲೇ ಕ್ರಿಸ್‌ಮಸ್ ಖರೀದಿ ಶುರುವಾಗುವುದು ವಾಡಿಕೆ; ಹಬ್ಬ ಬೇಗ ಬಂದರೆ ವ್ಯಾಪಾರಕ್ಕೆ ಏಳು ದಿನ ಲಾಭ. ಅರ್ಧ ದೇಶ ಒಪ್ಪಲಿಲ್ಲ, ಎರಡು ಹಬ್ಬಗಳಾದವು, 1941ರಲ್ಲಿ ಕಾನೂನು ಮಾಡಿ ನವೆಂಬರಿನ ನಾಲ್ಕನೇ ಗುರುವಾರ ಅಂತ ಗೊತ್ತುಪಡಿಸಬೇಕಾಯಿತು. ಪಂಚಾಂಗವನ್ನು ಅಂಗಡಿಯವರು ತಿದ್ದಿದ ಉದಾಹರಣೆ ಇನ್ನೆಲ್ಲಿ ಸಿಗುತ್ತದೆ!

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಿರಾಕಿಗಳೂ ಅಲ್ಲ, ಮಾಲೀಕರೂ ಅಲ್ಲ. ಕೌಂಟರಿನ ಹಿಂದೆ ನಿಂತ ಹುಡುಗಿಯರು. ಹಬ್ಬದ ದಿನಗಳಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ನಿಂತೇ ಕೆಲಸ. ಪೊಟ್ಟಣ ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ಸಣ್ಣ ಹುಡುಗರು, ಚಳಿಯಲ್ಲಿ, ಮಧ್ಯರಾತ್ರಿ. 1891ರಲ್ಲಿ ನ್ಯೂಯಾರ್ಕಿನ ಕನ್ಸ್ಯೂಮರ್ಸ್ ಲೀಗ್ ಶುರುವಾಯಿತು, 1899ರಲ್ಲಿ ರಾಷ್ಟ್ರಮಟ್ಟದ ಲೀಗ್. ಅದರ ಮುಂದಾಳು ಫ್ಲಾರೆನ್ಸ್ ಕೆಲ್ಲಿ. ಕೊನೆಯ ವಾರದಲ್ಲಿ ಮುಗಿಬೀಳಬೇಡಿ, ಮೊದಲೇ ಖರೀದಿ ಮುಗಿಸಿ, ಆ ಹುಡುಗಿಯರಿಗೂ ಹಬ್ಬ ಇರಲಿ ಅಂತ ಲೀಗಿನವರು ಗಿರಾಕಿಗಳಿಗೆ ಕೈಮುಗಿದು ಕೇಳಿದರು. ಅಂಗಡಿಯವರು ಸಂತೋಷದಿಂದ ಒಪ್ಪಿ ಅದನ್ನೇ ಜಾಹೀರಾತು ಮಾಡಿಕೊಂಡರು. ಒಂದು ವಾರದ ನೂಕುನುಗ್ಗಲು ಆರು ವಾರದ್ದಾಯಿತು. ದಯೆಯಿಂದ ಆಡಿದ ಮಾತೂ ಅಂಗಡಿಯ ಬೋರ್ಡಿಗೆ ಏರಿತು.

1912ರ ಕೊನೆಯಲ್ಲಿ ಇದೇ ಹುಡುಗಿಯರ ನಡುವಿನಿಂದ ಒಂದು ವಿಚಿತ್ರ ಸಂಘ ಹೊರಟಿತು. ಹೆಸರು ‘ಸೊಸೈಟಿ ಫಾರ್ ದ ಪ್ರಿವೆನ್ಷನ್ ಆಫ್ ಯೂಸ್‌ಲೆಸ್ ಗಿವಿಂಗ್’. ಅಂದರೆ ನಿರುಪಯುಕ್ತ ಕೊಡುಗೆಗಳ ತಡೆ ಸಂಘ. ಚುಟುಕಾಗಿ ‘ಸ್ಪಗ್’. ಮುಂದೆ ನಿಂತವರು ಇಬ್ಬರು: ಹಿಂದೆ ನಟಿಯಾಗಿದ್ದ ಎಲಿನೋರ್ ರಾಬ್ಸನ್ ಬೆಲ್ಮಾಂಟ್, ಮತ್ತು ಮಹಾ ಬ್ಯಾಂಕರ್ ಜೆ. ಪಿ. ಮಾರ್ಗನ್‌ನ ಮಗಳು ಆ್ಯನ್ ಮಾರ್ಗನ್. ದುಡಿಯುವ ಹೆಣ್ಣುಮಕ್ಕಳು ವಾರವಾರ ಚಿಲ್ಲರೆ ಕೂಡಿಸಿ ಬೇಸಗೆಯಲ್ಲಿ ನಾಲ್ಕು ದಿನ ಊರು ಬಿಟ್ಟು ಹೋಗಲಿ ಅಂತ ಇವರು ಒಂದು ಉಳಿತಾಯ ನಿಧಿಯ ಕೆಲಸದಲ್ಲೂ ತೊಡಗಿದ್ದರು. ಅಂಗಡಿಗಳಲ್ಲಿ ಒಂದು ರೂಢಿ ಬೆಳೆದುಬಿಟ್ಟಿತ್ತು: ಹಬ್ಬಕ್ಕೆ ಮೇಲ್ವಿಚಾರಕರಿಗೆ, ವಿಭಾಗದ ಮುಖ್ಯಸ್ಥರಿಗೆ ಹುಡುಗಿಯರು ವಂತಿಗೆ ಹಾಕಿ ಉಡುಗೊರೆ ಕೊಡಬೇಕು. ಕೆಲವರಿಗೆ ಎರಡು ವಾರದ ಸಂಬಳ ಅದಕ್ಕೇ ಹೋಗುತ್ತಿತ್ತಂತೆ. ಬೇಡ ಅನ್ನುವಂತಿಲ್ಲ, ಯಾರ ಹೆಸರು ಪಟ್ಟಿಯಲ್ಲಿಲ್ಲ ಅನ್ನುವುದು ಮೇಲಿನವರಿಗೆ ತಿಳಿಯುತ್ತದೆ.

ನೋಡಿ, ನದಿ ಹಿಮ್ಮುಖವಾಗಿ ಹರಿಯಿತು. ಧಣಿಯ ಬಾಗಿಲಿಗೆ ಹೋಗಿ ಹಾಡಿ ಕೇಳುತ್ತಿದ್ದವರ ಮೊಮ್ಮಕ್ಕಳು ಈಗ ಧಣಿಯ ಗುಮಾಸ್ತನಿಗೆ ಕಪ್ಪ ಕೊಡುವಂತಾಯಿತು.

ಸಂಘಕ್ಕೆ ಸೇರಲು ಹತ್ತು ಸೆಂಟ್ ಚಂದಾ. ಆ ನವೆಂಬರಿನಲ್ಲಷ್ಟೇ ಚುನಾವಣೆ ಸೋತು ಕುಳಿತಿದ್ದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸದಸ್ಯರಾದ ಮೊದಲ ಗಂಡಸು. ಪತ್ರಿಕೆಗಳು ಇವರನ್ನು ಹಬ್ಬಕ್ಕೆ ಕಲ್ಲು ಹಾಕುವವರು ಎಂದು ಗೇಲಿ ಮಾಡಿದವು. ನಾವು ಕೊಡುವುದಕ್ಕೆ ವಿರೋಧಿಗಳಲ್ಲ, ಒತ್ತಾಯದಿಂದ ಕೊಡುವುದಕ್ಕೆ ವಿರೋಧಿಗಳು ಅಂತ ಅವರು ಮತ್ತೆ ಮತ್ತೆ ಹೇಳಬೇಕಾಯಿತು. ಮಹಾಯುದ್ಧ ಬಂತು, ಸಂಘ ಮರೆಯಾಯಿತು.

ಇಲ್ಲೊಂದು ಉಪಕಥೆ; ಬ್ಯಾಂಕಿನವರು ಕ್ಷಮಿಸುತ್ತಾರೆ. ಮಗಳು ಈ ಸಂಘದಲ್ಲಿ ಓಡಾಡುತ್ತಿದ್ದ ಅದೇ 1912ರ ಡಿಸೆಂಬರಿನಲ್ಲಿ, ಹಣದ ಕೂಟಗಳ ಬಗ್ಗೆ ತನಿಖೆ ನಡೆಸುತ್ತಿದ್ದ ಸಂಸತ್ತಿನ ಸಮಿತಿಯ ಮುಂದೆ ಅಪ್ಪ ಮಾರ್ಗನ್ ಸಾಕ್ಷಿ ಹೇಳುತ್ತಿದ್ದ. ಸಾಲ ಕೊಡುವಾಗ ಆಸ್ತಿಗಿಂತ, ದುಡ್ಡಿಗಿಂತ ಮೊದಲು ನೋಡಬೇಕಾದದ್ದು ಮನುಷ್ಯನ ಗುಣ ಅಂತ ಅಲ್ಲಿ ಅವನು ಹೇಳಿದ್ದನ್ನು ನಮಗೂ ಕ್ರೆಡಿಟ್ ಟ್ರೇನಿಂಗಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಮಗಳ ಸಂಘದ ಬಗ್ಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನನಗೆ ಉಪಯೋಗವಾಗುತ್ತಿತ್ತು.

ಯಾಕೆಂದರೆ 1987ರ ದೀಪಾವಳಿಯಲ್ಲಿ ಆ ಪಟ್ಟಿ ನನ್ನ ಕೈಯಲ್ಲಿತ್ತು. ಆಗಷ್ಟೇ ಪ್ರಮೋಷನ್ ಆಗಿ ಮುಂಬಯಿಯ ಒಂದು ಉಪನಗರದ ಶಾಖೆಗೆ ಬಂದಿದ್ದೆ. ಮ್ಯಾನೇಜರಿಗೆ ಸ್ಟಾಫಿನ ಪರವಾಗಿ ಏನಾದರೂ ಕೊಡುವ ರೂಢಿ. ವಸೂಲಿಯ ಕೆಲಸ ಹೊಸ ಆಫೀಸರನದು. ಆಫೀಸರಿಗೆ 25, ಕ್ಲಾರ್ಕಿಗೆ 15, ಪ್ಯೂನಿಗೆ 5 ರೂಪಾಯಿ. ಶಾಖೆ ಗುಡಿಸಿ ಒರೆಸುತ್ತಿದ್ದ ಮಾವಶಿ ಪಾರ್ಟ್‌ಟೈಮಿನವರು, ಸ್ಕೇಲಿನ ಮೂರನೇ ಒಂದು ಪಾಲು ಸಂಬಳ. ಅವರ ಹೆಸರನ್ನು ಪಟ್ಟಿಗೆ ಸೇರಿಸಿದ್ದು ನಾನೇ. ಬಿಟ್ಟರೆ ಅವರಿಗೆ ಬೇಸರವಾದೀತು ಎಂದುಕೊಂಡೆನೋ, ಪಟ್ಟಿ ಪೂರ್ತಿಯಾಗಲಿ ಎಂದುಕೊಂಡೆನೋ, ಈಗ ಹೇಳಲಾರೆ. ಕೊಡಲೇಬೇಕಾ ಸಾಹೇಬ್ ಅಂತ ಅವರು ಮರಾಠಿಯಲ್ಲಿ ಕೇಳಿದರು. ನನಗೆ ಬರುತ್ತಿದ್ದ ಹರಕು ಮರಾಠಿಯಲ್ಲಿ ನಾನು ಹೇಳಿದೆ: “ಹಾಗೇನಿಲ್ಲ ಮಾವಶಿ. ಆದರೆ ಎಲ್ಲರೂ ಕೊಡ್ತಿದ್ದಾರೆ.”

ಮರುದಿನ ಐದು ಒಂದೊಂದು ರೂಪಾಯಿಯ ನಾಣ್ಯ ತಂದು ನನ್ನ ಟೇಬಲ್ಲಿನ ಮೇಲಿಟ್ಟರು. ನಾನು ಹೆಸರಿನ ಮುಂದೆ ಟಿಕ್ ಹಾಕಿದೆ. ಪಟ್ಟಿ ಪೈಸೆಗೆ ಪೈಸೆ ಟ್ಯಾಲಿ ಆಯಿತು. ತಂದದ್ದು ಲೆಮನ್ ಸೆಟ್, ಒಂದು ಜಗ್ಗು ಆರು ಗ್ಲಾಸು. ಆ ಕಾಲದಲ್ಲಿ ಯಾರಿಗೆ ಏನು ಕೊಡಬೇಕೆಂದು ತೋಚದಿದ್ದರೆ ಲೆಮನ್ ಸೆಟ್ಟೇ ಗತಿ. ಮ್ಯಾನೇಜರು ನಕ್ಕು, ಥ್ಯಾಂಕ್ಸ್ ಹೇಳಿ, ಕ್ಯಾಬಿನ್ನಿನ ಸ್ಟೀಲು ಕಪಾಟಿನ ಮೇಲೆ ಇಡಿಸಿದರು. ಅಲ್ಲಿ ಗಿರಾಕಿಗಳು ಕೊಟ್ಟ ಬೇರೆ ಡಬ್ಬಗಳೂ ಇದ್ದವು. ಮರುವರ್ಷ ಅವರಿಗೆ ವರ್ಗವಾದಾಗ ನಮ್ಮ ಡಬ್ಬ ಕಟ್ಟಿದ ರಿಬ್ಬನ್ ಸಮೇತ ಅಲ್ಲೇ ಇತ್ತು. ಅವರು ಕೆಟ್ಟ ಮನುಷ್ಯರಲ್ಲ. ಕೇಳಿದವರೂ ಅಲ್ಲ. ನ್ಯೂಯಾರ್ಕಿನ ಮೇಲ್ವಿಚಾರಕರೂ ಬಹುಶಃ ಕೇಳಿರಲಿಕ್ಕಿಲ್ಲ. ಪಟ್ಟಿ ಹಿಡಿದು ಓಡಾಡಲು ನನ್ನಂಥವನೊಬ್ಬ ಇದ್ದರೆ ಸಾಕು.

ಹರಿವಿನ ಮಾತು ಬಂದಾಗ ಬೋನಸ್ಸನ್ನೂ ನೆನೆಯಬೇಕು. 1899ರಲ್ಲಿ ವೂಲ್‌ವರ್ತ್ ಅಂಗಡಿಯ ಮಾಲೀಕ, ಹಬ್ಬದ ವ್ಯಾಪಾರದ ಹೊತ್ತಿಗೆ ನೌಕರರು ಕೈಕೊಡದಿರಲಿ ಎಂದು, ಸರ್ವಿಸಿನ ಒಂದೊಂದು ವರ್ಷಕ್ಕೆ 5 ಡಾಲರಿನಂತೆ, 25 ಡಾಲರಿನವರೆಗೆ ನಗದು ಕೊಟ್ಟ. ನಮ್ಮಲ್ಲೂ ಬೋನಸ್ ಮಾಲೀಕನ ಖುಷಿಯ ಕೊಡುಗೆಯಾಗಿಯೇ ಶುರುವಾಗಿ, ಜಗಳ ಮುಷ್ಕರಗಳ ನಂತರ 1965ರಲ್ಲಿ ಕಾಯಿದೆಯಾಯಿತು, ಕನಿಷ್ಠ 8.33 ಪರ್ಸೆಂಟ್ ಈಗ ಹಕ್ಕು. ಕೆಳಗಿನವರು ತಮಗೆ ಬರುವುದನ್ನು ಹಕ್ಕು ಮಾಡಿಕೊಳ್ಳಲು ಕಾಯಿದೆಯೇ ಬೇಕಾಯಿತು. ಮೇಲಿನವರಿಗೆ ಬರುವುದು ಹಕ್ಕಾಗಲು ಎರಡು ದೀಪಾವಳಿ ಸಾಕು.

ಹೀಗೆ ಹಬ್ಬ ಒಂದು ಖಾಯಂ ಖರ್ಚಾದ ಮೇಲೆ ನಮ್ಮ ಬ್ಯಾಂಕಿನ ಕಸುಬಿನವರು ಸುಮ್ಮನಿರುತ್ತಾರೆಯೇ? 1909ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನ ಒಂದು ಟ್ರಸ್ಟ್ ಕಂಪನಿಯಲ್ಲಿ ಮೆರ್ಕೆಲ್ ಲ್ಯಾಂಡಿಸ್ ಎಂಬ ಖಜಾಂಚಿ ‘ಕ್ರಿಸ್‌ಮಸ್ ಕ್ಲಬ್’ ಖಾತೆ ತೆರೆದ. ವಾರವಾರ ಚಿಲ್ಲರೆ ಕಟ್ಟಬೇಕು, ಡಿಸೆಂಬರ್ ಒಂದಕ್ಕೆ ಕೈಗೆ ಹಣ. ಮೊದಲ ವರ್ಷ ಸುಮಾರು 350 ಜನ, ತಲಾ 28 ಡಾಲರಿನಷ್ಟು ಕೂಡಿಸಿದರು. ಬ್ಯಾಂಕುಗಳ ಮೂಲಕ ದೇಶವಿಡೀ ಹಬ್ಬಿತು. ಇದನ್ನು ಓದಿದಾಗ ದಕ್ಷಿಣ ಕನ್ನಡ, ಉಡುಪಿಯ ಯಾರಿಗಾದರೂ ಪಿಗ್ಮಿ ನೆನಪಾಗಲೇಬೇಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದಿನ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಈ ಯೋಜನೆ ತಂದಿತು. ಟಿ. ಎಂ. ಎ. ಪೈಗಳ ಕಾಲದ ಮಾತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟ್ ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಶಬ್ದ ಮಾತ್ರ ಊರಿನ ಜನರ ಬಾಯಲ್ಲಿ ಉಳಿದಿದೆ. ಎರಡೂ ಬಡವರ ಚಿಲ್ಲರೆಯೇ, ಎರಡೂ ಒಳ್ಳೆಯ ಯೋಜನೆಯೇ. ಆದರೆ ಒಂದು ವ್ಯತ್ಯಾಸ. ಪಿಗ್ಮಿ ಹಣ ಯಾವುದಕ್ಕೆ ಅಂತ ಏಜೆಂಟ್ ಕೇಳುತ್ತಿರಲಿಲ್ಲ. ಮಗಳ ಮದುವೆಯೋ, ಹೆಂಚಿನ ಮಾಡೋ, ಮೀನಿನ ಬುಟ್ಟಿಯೋ, ಅದು ಕಟ್ಟಿದವರಿಗೆ ಸೇರಿದ್ದು. ಕ್ರಿಸ್‌ಮಸ್ ಕ್ಲಬ್ಬಿನ ಹಣಕ್ಕೆ ಕಟ್ಟುವ ಮೊದಲೇ ಅಂಗಡಿಯ ವಿಳಾಸ ಬರೆದಾಗಿತ್ತು.

ಅದರಿಂದ ಆಗಬಹುದಾದ ಅನಾಹುತಕ್ಕೆ ಬ್ರಿಟನ್ನಿನ ಫೇರ್‌ಪ್ಯಾಕ್ ಸಾಕ್ಷಿ. ಅದು ಬ್ಯಾಂಕಲ್ಲ, ವರ್ಷವಿಡೀ ಕಂತು ಕಟ್ಟಿಸಿಕೊಂಡು ಕ್ರಿಸ್‌ಮಸ್ಸಿಗೆ ತಿಂಡಿಯ ಬುಟ್ಟಿ, ಅಂಗಡಿ ವೋಚರ್ ಕೊಡುವ ಕಂಪನಿ. ನಮ್ಮ ಪಿಗ್ಮಿಯಂತೆಯೇ ಏಜೆಂಟರು. ಬಹಳ ಮಂದಿ ಹೆಂಗಸರು, ಅದೇ ಬೀದಿಯವರು, ನೆರೆಹೊರೆಯವರಿಂದ ವಾರದ ಹಣ ಕೂಡಿಸುತ್ತಿದ್ದವರು. 2006ರ ಅಕ್ಟೋಬರಿನಲ್ಲಿ, ಹಬ್ಬಕ್ಕೆ ಎರಡೂವರೆ ತಿಂಗಳಿರುವಾಗ, ಕಂಪನಿ ಮುಳುಗಿತು. ಒಂದು ಲಕ್ಷಕ್ಕೂ ಹೆಚ್ಚು ಜನರ ಸುಮಾರು 3 ಕೋಟಿ 70 ಲಕ್ಷ ಪೌಂಡ್ ಹೋಯಿತು. ಕೂಲಿನಾಲಿ ಮಾಡಿ ಕಟ್ಟಿದವರೇ ಹೆಚ್ಚು. ಅದು ಠೇವಣಿಯಲ್ಲ, ಸಾಮಾನಿಗೆ ಮುಂಗಡ ಅಂತ ಲೆಕ್ಕ. ಹಾಗಾಗಿ ಠೇವಣಿ ವಿಮೆ ಇಲ್ಲ. 2012ರ ಹೊತ್ತಿಗೆ ಅರ್ಧದಷ್ಟು ವಾಪಸ್ ಸಿಗುವ ಹಾಗಾಯಿತು. ನಮ್ಮಲ್ಲಿ ಬ್ಯಾಂಕ್ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಆದರೆ ದೀಪಾವಳಿ ಭಿಶಿಗೋ, ಚಿನ್ನದಂಗಡಿಯ ತಿಂಗಳ ಕಂತಿಗೋ ಆ ವಿಮೆ ಅನ್ವಯಿಸುವುದಿಲ್ಲ. ಈ ಲೇಖನದಿಂದ ಯಾರಾದರೂ ಒಬ್ಬರು ಇದನ್ನಷ್ಟೇ ತಿಳಿದುಕೊಂಡರೂ ನನಗೆ ತೃಪ್ತಿ. ಫೇರ್‌ಪ್ಯಾಕಿನ ಏಜೆಂಟರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ದುಡ್ಡು ನುಂಗಿದ್ದು ಅವರಲ್ಲ, ಆದರೆ ಅದೇ ಬೀದಿಯಲ್ಲಿ ಮುಖ ತೋರಿಸಬೇಕಾದವರು ಅವರು.

ಇಷ್ಟೆಲ್ಲ ಆದಮೇಲೆ ಅರ್ಥಶಾಸ್ತ್ರದವರು ಒಂದು ಕೈ ನೋಡಿದರು. 1993ರಲ್ಲಿ ಜೋಯಲ್ ವಾಲ್ಡ್‌ಫೋಗಲ್ ಎಂಬ ಪ್ರಾಧ್ಯಾಪಕರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿದರು: ಕ್ರಿಸ್‌ಮಸ್ಸಿಗೆ ನಿಮಗೆ ಬಂದ ಉಡುಗೊರೆಯ ಬೆಲೆ ಎಷ್ಟಿರಬಹುದು, ನೀವಾಗಿ ಅದಕ್ಕೆ ಎಷ್ಟು ಕೊಡುತ್ತಿದ್ದಿರಿ? ಕೊಟ್ಟವರ ಖರ್ಚಿಗಿಂತ ಪಡೆದವರು ಕಟ್ಟಿದ ಬೆಲೆ ಶೇಕಡಾ 10ರಿಂದ ಮೂರನೇ ಒಂದು ಪಾಲಿನಷ್ಟು ಕಡಿಮೆ. ಅಷ್ಟೂ ದಂಡ. ಸ್ನೇಹಿತರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ, ದೂರದ ಬಂಧುಗಳು ಕೊಟ್ಟದ್ದರಲ್ಲಿ ಹೆಚ್ಚು. ಅಜ್ಜ ಅಜ್ಜಿಯರು ಬುದ್ಧಿವಂತರು, ನಗದನ್ನೇ ಕೊಡುತ್ತಾರೆ. ಎಂ.ಕಾಂ. ಓದಿದವನಿಗೆ ಇಂಥದ್ದು ಖುಷಿ ಕೊಡುತ್ತದೆ, ನಿಜ. ಆದರೆ ಆಡಿಟ್ ಮಾಡಿದವನ ಕಣ್ಣು ಪ್ರಶ್ನೆಯ ಕಡೆಗೂ ಹೋಗುತ್ತದೆ. ‘ಭಾವನೆಯ ಬೆಲೆಯನ್ನು ಬಿಟ್ಟು ಹೇಳಿ’ ಅಂತಲೇ ಅವರು ವಿದ್ಯಾರ್ಥಿಗಳನ್ನು ಕೇಳಿದ್ದು. ಗಂಧವನ್ನು ತೆಗೆದಿಟ್ಟು ಊದಿನಕಡ್ಡಿಯ ಬಿದಿರು ಕಡ್ಡಿಗೆ ಬೆಲೆ ಕಟ್ಟಿದ ಹಾಗೆ.

ಇದೇ ತಕ್ಕಡಿಯಲ್ಲಿ ಓ. ಹೆನ್ರಿಯ ಕಥೆಯನ್ನು ತೂಗಿ ನೋಡಿ. ‘ದ ಗಿಫ್ಟ್ ಆಫ್ ದ ಮ್ಯಾಜೈ’, 1905ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂದದ್ದು. ಬಡ ಗಂಡ ಹೆಂಡತಿ. ಗಂಡನ ಗಡಿಯಾರಕ್ಕೆ ಸರಪಳಿ ತರಲು ಹೆಂಡತಿ ಕೂದಲು ಮಾರುತ್ತಾಳೆ, ಹೆಂಡತಿಯ ಕೂದಲಿಗೆ ಬಾಚಣಿಗೆ ತರಲು ಗಂಡ ಗಡಿಯಾರ ಮಾರುತ್ತಾನೆ. ಯೇಲ್ ಲೆಕ್ಕದಲ್ಲಿ ಪೂರ್ತಿ ನಷ್ಟ, ಎರಡೂ ಕಡೆ ರೈಟ್ ಆಫ್. ಬರೆದವನು ಟೆಕ್ಸಸ್ಸಿನ ಒಂದು ಬ್ಯಾಂಕಿನಲ್ಲಿ ಟೆಲ್ಲರ್ ಆಗಿದ್ದವನು, ಲೆಕ್ಕದಲ್ಲಿ ಹಣ ಕಡಿಮೆ ಬಂದು ಹಣ ದುರುಪಯೋಗದ ಆರೋಪದ ಮೇಲೆ 1898ರಿಂದ ಮೂರು ವರ್ಷ ಜೈಲಿನಲ್ಲಿ ಇದ್ದವನು. ಕ್ಯಾಶ್ ಟ್ಯಾಲಿ ಮಾಡಲು ಬಾರದವನು ಅಂತ ನಾವು ಬ್ಯಾಂಕಿನವರು ತಮಾಷೆ ಮಾಡುವುದುಂಟು. ಆ ಗಂಡ ಹೆಂಡತಿಯನ್ನು ಯಾರೂ ಪಟ್ಟಿ ಹಿಡಿದು ಕೇಳಿರಲಿಲ್ಲ ಅನ್ನುವುದನ್ನಂತೂ ಅವನು ಸರಿಯಾಗಿ ಬರೆದಿದ್ದಾನೆ.

ಅದೇ ಶಾಖೆಯಲ್ಲಿ ನಮ್ಮ ಹೆಡ್ ಕ್ಯಾಶಿಯರ್ ಮಂಗಳೂರಿನ ಕಡೆಯ ಕ್ರೈಸ್ತರು. ಮನೆಮಾತು ಕೊಂಕಣಿ, ನನ್ನ ಹತ್ತಿರ ಕನ್ನಡ. ನಾವೆಲ್ಲ ಅಂಕಲ್ ಅನ್ನುತ್ತಿದ್ದೆವು. ಕ್ರಿಸ್‌ಮಸ್ ಆದ ಮಾರನೇ ದಿನ ಕಲೀನಾದ ಮನೆಯಿಂದ ಎರಡು ದೊಡ್ಡ ಚೀಲ ಹೊತ್ತು ಬರುತ್ತಿದ್ದರು. ಒಳಗೆ ಸ್ಟೀಲಿನ ತಟ್ಟೆಗಳು, ಕ್ರೋಶಾ ಹೆಣೆದ ಬಟ್ಟೆಯ ಮುಚ್ಚಳ, ಅದರಲ್ಲಿ ಅವರು ಕುಸ್ವಾರ್ ಎನ್ನುವ ತಿಂಡಿಗಳು: ನಮ್ಮ ಕರ್ಜಿಕಾಯಿಯಂಥ ನೆವ್ರಿ, ಬಾಚಣಿಗೆಯ ಮೇಲೆ ಒತ್ತಿ ಸುತ್ತಿದ ಕಿಡಿಯೊ, ಗುಲಾಬಿ ಹೂವಿನ ಅಚ್ಚಿನ ತಿಂಡಿ, ಚಕ್ಕುಲಿ, ಕೇಕಿನ ತುಂಡು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಎಂಟು ದಿನ ಕೂತು ಮಾಡಿದ್ದು. ಮ್ಯಾನೇಜರಿಗೆ ಒಂದು ತಟ್ಟೆ, ನನಗೊಂದು, ಮಾವಶಿಗೆ ಒಂದು. ಮೂರೂ ಒಂದೇ ಅಳತೆ. ಮಾವಶಿ ಆ ತಟ್ಟೆಯನ್ನು ಖಾಲಿ ಹಿಂತಿರುಗಿಸುತ್ತಿರಲಿಲ್ಲ. ಜನವರಿಯಲ್ಲಿ ಸಂಕ್ರಾಂತಿ ಬರುವವರೆಗೆ ಇಟ್ಟುಕೊಂಡು, ಎಳ್ಳು ಬೆಲ್ಲದ ನಾಲ್ಕು ಉಂಡೆ ಹಾಕಿ, ಅದೇ ಬಟ್ಟೆ ಒಗೆದು ಮುಚ್ಚಿ ಕ್ಯಾಶ್ ಕೌಂಟರಿನಲ್ಲಿ ಕೊಡುತ್ತಿದ್ದರು. ಯಾರೂ ಪಟ್ಟಿ ಮಾಡಿರಲಿಲ್ಲ. ನನ್ನ ತಟ್ಟೆ ಖಾಲಿಯೇ ಹೋಗುತ್ತಿತ್ತು. ಬಾಡಿಗೆ ಕೋಣೆಯ ಬ್ರಹ್ಮಚಾರಿ ಅನ್ನುವ ನೆಪ.

ಆ ಐದು ರೂಪಾಯಿಯ ವಿಷಯ ಮಾವಶಿಯ ಹತ್ತಿರ ನಾನು ಎತ್ತಲೇ ಇಲ್ಲ. ಮರುವರ್ಷ ಪಟ್ಟಿ ಬೇರೆಯವರ ಕೈಗೆ ಹೋಯಿತು, ನನಗೆ ಹಗುರವಾಯಿತು. ಪಟ್ಟಿ ಬೇಡ ಅಂತ ಹೇಳುವ ಯೋಚನೆ ಬರಲೇ ಇಲ್ಲ. ಬಂದದ್ದು ಮೂವತ್ತೈದು ವರ್ಷದ ಮೇಲೆ, ಮಗಳು ಚಪ್ಪಲಿ ಬಿಡುತ್ತಾ ಗೊಣಗಿದಾಗ. ಅವಳಿಗೆ ಇದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮರುದಿನ ಆ ಮಹಡಿಗೆ ಹೋಗಿ ಆ ವ್ಯಕ್ತಿಯ ಪರಿಚಯ ಮಾಡಿಕೊಂಡಳಂತೆ. ಗುಟ್ಟಿನ ಸಾಂತಾ ಗುಟ್ಟಾಗಿ ಉಳಿಯಲಿಲ್ಲ. ಕೊನೆಗೆ ಏನು ಕೊಟ್ಟಳೋ, ನಾನು ಕೇಳಲಿಲ್ಲ.

ಅಂಕಲ್ ತೀರಿಹೋಗಿ ಹತ್ತು ವರ್ಷವಾಯಿತು. ಅವರ ದೊಡ್ಡ ಮಗಳು ಈಗಲೂ ಡಿಸೆಂಬರಿನಲ್ಲಿ ನಮ್ಮ ಮನೆಗೆ ಬರುತ್ತಾಳೆ. ಕೆಲಸಕ್ಕೆ ಹೋಗುವ ಹೆಂಗಸು, ಎಂಟು ದಿನ ಕೂತು ಕರಿಯುವುದು ಎಲ್ಲಿಂದ ಬಂತು? ಮಂಗಳೂರಿನ ಬೇಕರಿಯಿಂದ ತರಿಸಿದ ಡಬ್ಬ. ಮೇಲೆ ಎಂಆರ್‌ಪಿ ಅಚ್ಚಾಗಿದೆ. “ಸಾರಿ ಅಂಕಲ್, ಮನೆಯದ್ದಲ್ಲ” ಎನ್ನುತ್ತಾಳೆ. ಎರಡು ಲೋಕಲ್ ಬದಲಿಸಿ, ಡಬ್ಬ ಪುಡಿಯಾಗದ ಹಾಗೆ ಎದೆಗವಚಿಕೊಂಡು ಬಂದಿರುತ್ತಾಳೆ. ಅವಳಮ್ಮನ ಕೈಯ ಕಿಡಿಯೊ ಬಾಯಲ್ಲಿಟ್ಟರೆ ಕರಗುತ್ತಿತ್ತು. ಈ ಸಲದ್ದು ಸ್ವಲ್ಪ ಗಟ್ಟಿ. ನನ್ನ ಹೆಂಡತಿ ಡಬ್ಬ ಖಾಲಿ ಮಾಡಿ, ತೊಳೆದು, ಒಳಗೆ ಸಂಕ್ರಾಂತಿಯ ಎಳ್ಳು ಬೀರಲು ತೆಗೆದಿಟ್ಟಿದ್ದಾಳೆ. ಕಲೀನಾಕ್ಕೆ ಒಯ್ದು ಕೊಡುವ ಕೆಲಸ ನನ್ನದು.